ಷಡ್ಡಕನಿಗೆ ದೋಸೆ ತಿನ್ನಿಸಿದ್ದು

ಮಳೆ ಬರಬಹುದಿತ್ತು. ನಾಟಕದವರ ತಗಡಿನ ಮಾಡಿನ ಮೇಲೆ ಹತ್ತು ಹನಿ ಬಿದ್ದರೆ ಸಾಕು, ನಾಯಕನ ಮಾತೂ ಕೇಳುವುದಿಲ್ಲ, ನಾಯಕಿಯ ಅಳುವೂ ಕೇಳುವುದಿಲ್ಲ. ಮಳೆ ಬಾರದಿದ್ದರೆ ಹಾರ್ಮೋನಿಯಂನವನಿಗೆ ಜ್ವರ ಬರಬಹುದಿತ್ತು. ಸಂಪಾಜೆಯಿಂದ ಬರಬೇಕಾದ ಜೀಪು ಘಾಟಿಯ ಯಾವುದೋ ತಿರುವಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದೆ, ಒಂದು ಗಂಟೆ ಮೊದಲೇ ಬಂದು, ನಮ್ಮ ಮನೆ ಎದುರು ಹಾರ್ನು ಹೊಡೆದು ಇಡೀ ಬೀದಿಯನ್ನು ಹೊರಗೆ ಕರೆಯಬಹುದಿತ್ತು. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಬೇರೆ ಯಾರದೋ ಫ್ಯಾಮಿಲಿ ಕೂತಿರಬಹುದಿತ್ತು. ಆಲೂಗಡ್ಡೆ ಪಲ್ಯ ಮುಗಿದಿರಬಹುದಿತ್ತು. ಗಲ್ಲಾದ ಮೇಲೆ ಕೂತ ಹೋಟೆಲ್ ಯಜಮಾನರು ನನಗೆ ಬರೀ ತಲೆ ಆಡಿಸಿ, ನನ್ನ ಷಡ್ಡಕನನ್ನು ಕಂಡು ಎದ್ದು ನಿಲ್ಲಬಹುದಿತ್ತು. ಷಡ್ಡಕ ಕಾಫಿಯ ಮೊದಲ ಗುಟುಕಿಗೇ ಲೋಟ ಕೆಳಗಿಟ್ಟು, ಇದಕ್ಕೆ ಎಂತ ಹಾಕಿದ್ದೀರಿ ಎಂದು ಕೇಳಬಹುದಿತ್ತು. ನನಗೆ ಬಿಕ್ಕಳಿಕೆ ಹಿಡಿಯಬಹುದಿತ್ತು.

ಇಷ್ಟನ್ನೂ ಕಚೇರಿಯ ಹಳೇ ಲಕೋಟೆಯೊಂದರ ಬೆನ್ನಿಗೆ ಬರೆದುಕೊಂಡಿದ್ದೆ. ಹಾಗೆ ಬರೆದಿಟ್ಟರೆ ಒಂದೊಂದಕ್ಕೂ ಪರಿಹಾರ ಹೊಳೆಯುತ್ತದೆ ಎಂಬುದು ನನ್ನ ನಂಬಿಕೆ. ಪರಿಹಾರವೇನೂ ಹೊಳೆಯಲಿಲ್ಲ, ಪಟ್ಟಿ ಮಾತ್ರ ಬೆಳೆಯಿತು. ಬಿಕ್ಕಳಿಕೆಯನ್ನು ಶನಿವಾರ ಸೇರಿಸಿದ್ದು.

ಇದು ಮೂರು ವರ್ಷದ ಹಿಂದಿನ ಮಾತು. ಈಗ ನಮ್ಮ ಈ ಪುಟ್ಟ ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸುತ್ತಾರೆ ಎಂದು ಕಚೇರಿಯಲ್ಲಿ ದಿನವೂ ಮಾತು. ಸೇರಿಸಿದರೆ ನನ್ನಂಥ ಗುಮಾಸ್ತನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ, ಬಯಲುಸೀಮೆಯ ಬಿಸಿಲಿಗೋ, ಎಂದು ನಾನು ಹಗಲೆಲ್ಲ ಹೆದರಬೇಕಾದ ಸಮಯ. ಹೆದರುತ್ತಲೂ ಇದ್ದೇನೆ. ಆದರೆ ಫೈಲು ಬರೆಯುತ್ತ ಬರೆಯುತ್ತ ಲೇಖನಿ ಸುಮ್ಮನೆ ನಿಂತುಬಿಡುತ್ತದಲ್ಲ, ಆಗ ಮನಸ್ಸಿಗೆ ಬರುವುದು ಮೈಸೂರಲ್ಲ, ಆ ಭಾನುವಾರದ ಮಸಾಲೆ ದೋಸೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಸಂಪಾಜೆಯ ಕಡೆ ಅವರಿಗೆ ಕಾಫಿ ತೋಟವಿದೆ, ಒಳ್ಳೆಯ ಮೆಣಸಿನ ಬಳ್ಳಿಗಳಿವೆ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಜೀಪಿದೆ, ಕಿವಿಯವರೆಗೆ ಹೋಗುವ ಮೀಸೆಯಿದೆ. ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ಮನುಷ್ಯನಿಗೆ ತೋಟವಿರಲಿ, ಮೀಸೆಯೂ ಇರಲಿ. ನನ್ನ ತಕರಾರು ನಮ್ಮ ಅಡಿಗೆಮನೆಯಲ್ಲಿ ಹುಟ್ಟುವುದು. ಮದುವೆಯಾಗಿ ಹದಿನಾಲ್ಕು ವರ್ಷ ನನ್ನ ಹೆಂಡತಿ ಲೋಕದ ಎಲ್ಲ ಗಂಡಸರನ್ನೂ ಅಳೆದದ್ದು ಒಂದೇ ಸೇರಿನಲ್ಲಿ. ಭಾವನಿಗೆ ನೆಗಡಿಯಾಗುವುದೇ ಇಲ್ಲ. ಭಾವ ಹಳ್ಳದಿಂದ ಅಡಿಗೆಮನೆಯವರೆಗೆ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ನೀರು ಹರಿಸಿ ತಂದುಕೊಟ್ಟರು. ಘಾಟಿ ಹತ್ತುವ ಬಸ್ಸಿನ ಸದ್ದು ಕೇಳಿಯೇ ಭಾವ ಅದು ಯಾರ ಬಸ್ಸು ಎಂದು ಹೇಳುತ್ತಾರೆ. ಹೀಗೆ. ಇದನ್ನೆಲ್ಲ ಅವಳು ಚುಚ್ಚಲೆಂದು ಹೇಳುತ್ತಿದ್ದಳೆಂದರೆ ಸುಳ್ಳಾಗುತ್ತದೆ. ಹವೆಯ ವಿಷಯ ಹೇಳಿದ ಹಾಗೆ ಹೇಳುತ್ತಿದ್ದಳು. ನಾನು ಮಾರ್ಚಿ ತಿಂಗಳಲ್ಲೂ ಮಫ್ಲರು ಸುತ್ತಿಕೊಂಡು, ಬಸ್ಸಿನ ಸದ್ದು ಕೇಳಿದರೆ ಅದು ಯಾರ ಮೇಲೆ ಹತ್ತುತ್ತದೋ ಎಂದು ಯೋಚಿಸುವ ಗಂಡಸು. ಹವೆಯ ವಿಷಯವೇ ನನಗೆ ಚುಚ್ಚುತ್ತಿತ್ತು.

ಷಡ್ಡಕ ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು. ನನಗಿಂತ ಆರು ವರ್ಷ ದೊಡ್ಡವರು. ನಾನು ಅಣ್ಣ ಎನ್ನಬೇಕು, ಅವರು ತಮ್ಮ ಎನ್ನುತ್ತಾರೆ. ಆ ತಮ್ಮ ಎನ್ನುವುದರಲ್ಲಿ ಇಷ್ಟಾದರೂ ವ್ಯಂಗ್ಯವಿದೆಯೇ ಎಂದು ಹದಿನಾಲ್ಕು ವರ್ಷ ಹುಡುಕಿದ್ದೇನೆ. ಇಲ್ಲ. ಅವರ ಮನೆಗೆ ಹೋದರೆ ಬರುವಾಗ ಜೀಪಿನ ಹಿಂದೆ ಬಾಳೆಗೊನೆ, ಜೇನಿನ ಬಾಟಲಿ, ಕಿತ್ತಳೆ ಮೂಟೆ. ಅವರೇ ನಮ್ಮನ್ನು ಮಡಿಕೇರಿಗೆ ತಂದು ಬಿಡುವುದು. ನಾವು ಯಾವಾಗಲೂ ತೆಗೆದುಕೊಳ್ಳುವವರು. ಬಾಳೆಹಣ್ಣು ತಿನ್ನುವಾಗ ನನ್ನ ಹೆಂಡತಿ ಏನೂ ಹೇಳುತ್ತಿರಲಿಲ್ಲ. ಹೇಳದೆಯೇ ತಿನ್ನುತ್ತಿದ್ದಳು. ಅದು ಇನ್ನೂ ಕಷ್ಟ.

ಆ ವರ್ಷ ಕೆಳಗಿನ ಸೀಮೆಯಿಂದ ನಾಟಕ ಕಂಪನಿಯೊಂದು ಬಂದು ಮೈದಾನದಲ್ಲಿ ತಗಡಿನ ಕೊಟ್ಟಿಗೆ ಹಾಕಿತು. ಘಾಟಿ ಇಳಿದು ಮನೆ ಸೇರಬೇಕಾದವರಿಗೆಂದು ಭಾನುವಾರ ಮಧ್ಯಾಹ್ನವೂ ಒಂದು ಆಟ ಇಟ್ಟರು. ಅದನ್ನು ಕೇಳಿದ್ದೇ ನನಗೆ ಹೊಳೆಯಿತು. ಅವರು ತೋಟದಲ್ಲಿ ಏನು ಬೇಕಾದರೂ ಬೆಳೆಯಲಿ, ನಾಟಕ ಬೆಳೆಯುವುದಿಲ್ಲ. ಹೋಟೆಲೂ ಬೆಳೆಯುವುದಿಲ್ಲ. ಇವೆರಡೂ ನನ್ನ ಊರಿನವು. ಮೂರು ಗಂಟೆಗೆ ಆಟ, ಆಟ ಬಿಟ್ಟ ಮೇಲೆ ದೋಸೆ ಕಾಫಿ, ಕತ್ತಲಾಗುವ ಮೊದಲು ಅವರು ಜೀಪು ಹತ್ತಿ ಹೊರಡಬೇಕು. ಒಂದು ಸಂಜೆಯ ಮಟ್ಟಿಗೆ ಮನೆಯ ಯಜಮಾನ ನಾನು, ಅವರು ನೆಂಟರು. ಅದನ್ನು ನನ್ನ ಹೆಂಡತಿ ಎದುರು ಕೂತು ನೋಡಬೇಕು. ನನಗೆ ಬೇಕಾದದ್ದು ಇಷ್ಟೇ. ಇಷ್ಟು ಸಣ್ಣದನ್ನು ನಲವತ್ತು ದಾಟಿದವನು ಬಯಸಿದನೆಂದು ಈಗ ಬರೆಯುವುದಕ್ಕೆ ನಾಚಿಕೆ, ಬಯಸುವಾಗ ಇರಲಿಲ್ಲ.

ಹೋಟೆಲಿಗೆ ನಾಲ್ಕು ದಿನ ಮೊದಲೇ ಹೋಗಿ ನೋಡಿಬಂದೆ. ಹಲಗೆ ಗೋಡೆ, ಹಸಿರು ಪರದೆ, ಕಲ್ಲು ಹಾಸಿದ ಮೇಜು, ನಾಲ್ಕು ಕುರ್ಚಿ. ಇದು ಫ್ಯಾಮಿಲಿ ರೂಮು. ನಾಲ್ಕು ಕುರ್ಚಿಯಲ್ಲೂ ಒಂದೊಂದು ಸಲ ಕೂತೆ. ಪರದೆಯ ಪಕ್ಕದ್ದು ಸ್ವಲ್ಪ ಆಡುತ್ತಿತ್ತು. ಅದರಲ್ಲಿ ನಾನು ಕೂರುವುದೆಂದು ತೀರ್ಮಾನಿಸಿದೆ. ಬಡಿಸುವವರು ಕೆಳಗೆ ದಕ್ಷಿಣ ಕನ್ನಡದಿಂದ ಬಂದ ವಯಸ್ಸಾದ ಭಟ್ಟರು. ನಾನು ಒಂದೊಂದು ಕುರ್ಚಿಗೆ ದಾಟುವುದನ್ನು ಅವರು ಬಾಗಿಲಲ್ಲಿ ನಿಂತು ನೋಡಿದರು. ಅವರನ್ನು ಹತ್ತಿರ ಕರೆದು ಭಾನುವಾರದ ವಿಷಯ ಹೇಳಿದೆ. ನಾವು ಬಂದು ಕೂತ ಕೂಡಲೇ, ಏನು ಬೇಕು ಎಂದು ಕೇಳಬಾರದು. ಯಾವಾಗಿನ ಹಾಗೇ ಅಲ್ಲವೇ, ಎಂದು ಕೇಳಬೇಕು, ಎಂದು ಹೇಳಿಕೊಟ್ಟೆ.

ಅವರು ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸುತ್ತ ಯೋಚನೆ ಮಾಡಿದರು.

"ನೀವು ಬರುವುದು ತಿಂಗಳಿಗೆ ಒಂದು ಸಲ. ಒಂದು ಸಲ ಇಡ್ಲಿ, ಒಂದು ಸಲ ಬರೀ ಕಾಫಿ. ಯಾವಾಗಿನ ಹಾಗೆ ಅಂದರೆ ನಾನು ಎಂತ ತರುವುದು ಮಾರಾಯ್ರೆ?"

ಮಸಾಲೆ ದೋಸೆ, ಎಂದೆ. ನಾಲ್ಕು.

ಇನ್ನು ಮಳೆ. ಇದೊಂದು ಪಾಪದ ಕಥೆ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದು ಮಾರ್ಚಿ ಬಂತೆಂದರೆ ತೋಟದವರೆಲ್ಲ ಆಕಾಶ ನೋಡುತ್ತ ಕೂರುತ್ತಾರೆ. ಹೂಮಳೆ ಒಂದು ಸಲ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನದಲ್ಲಿ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ, ಆ ವರ್ಷದ ಫಸಲು ಉಳಿಯುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಒಣಗುತ್ತದೆ. ಆ ವಾರ ಷಡ್ಡಕ ಮಳೆಗೆ ಹರಕೆ ಹೊತ್ತಿದ್ದರಂತೆ; ನನ್ನ ಹೆಂಡತಿಗೆ ಅಕ್ಕನ ಕಾಗದ ಬಂದಿತ್ತು. ಅದೇ ವಾರ ನಾನು ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ನಿಂತು, ಭಾನುವಾರ ಆರು ಗಂಟೆಯವರೆಗೆ ತಡೆದುಕೊ ಎಂದು ಕೇಳಿಕೊಳ್ಳುತ್ತಿದ್ದೆ. ಸಾವಿರಾರು ಗಿಡದ ಹೂವು ಒಂದು ಕಡೆ, ನನ್ನ ದೋಸೆ ಒಂದು ಕಡೆ. ದೇವರು ಗುಮಾಸ್ತನ ಅರ್ಜಿಯನ್ನು ಮೊದಲು ತೆಗೆದುಕೊಂಡನೆಂದು ಒಳಗೊಳಗೇ ಹಿಗ್ಗಿದೆ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಮಳೆ ಬಂದದ್ದು ಮಂಗಳವಾರ. ಅವರ ಫಸಲಿಗೆ ಏನೂ ಆಗಲಿಲ್ಲ. ಆ ವರ್ಷ ಅವರಿಗೆ ಯಾವತ್ತಿಗಿಂತ ಚೆನ್ನಾಗಿಯೇ ಬಂತು.

ಭಾನುವಾರ ಬೆಳಿಗ್ಗೆಯಿಂದ ನಾನು ಬಾಗಿಲಿಗೂ ಅಂಗಳಕ್ಕೂ ಓಡಾಡುವುದನ್ನು ನೋಡಿ ನನ್ನ ಹೆಂಡತಿ ಕೇಳಿದಳು, "ನೀವು ಎಂತಕ್ಕೆ ಇಷ್ಟ್ ಹೆದ್ರುದು? ನಾಟಕ ಮಾಡುದು ಅವ್ರು, ನಾವಲ್ಲ."

ಅವಳಿಗೆ ಗೊತ್ತಿರಲಿಲ್ಲ.

ಜೀಪು ಸರಿಯಾಗಿ ಎರಡೂವರೆಗೆ ಬಂತು. ಹಾರ್ನು ಹೊಡೆಯಲಿಲ್ಲ. ಷಡ್ಡಕ ಇಳಿದು, ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು, ನಾವು ನಡೆದೇ ಹೋಗುವ ತಮ್ಮ, ಊರು ನಿನ್ನದು, ನೀನು ಹೇಳಿದ ಹಾಗೆ, ಎಂದರು. ಕೈಯಲ್ಲಿ ಬಾಳೆಗೊನೆಯೂ ಇರಲಿಲ್ಲ. ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ, ಹೊಸ ಸೀರೆ ಉಟ್ಟಿದ್ದರು. ಅಕ್ಕ ತಂಗಿ ಮುಂದೆ, ನಾವಿಬ್ಬರು ಹಿಂದೆ, ಸಾಲಾಗಿ ಮೈದಾನಕ್ಕೆ ಇಳಿದೆವು. ನಾನು ಕೊಡೆಯನ್ನು ಮನೆಯಲ್ಲಿ ಬಿಟ್ಟಿದ್ದೆ. ಧೈರ್ಯಕ್ಕಲ್ಲ, ಹಿಡಿದುಕೊಂಡು ಹೋದರೆ ಹೆಂಡತಿ ಭಾವನ ಖಾಲಿ ಕೈ ನೋಡುತ್ತಾಳೆಂದು.

ಆಟದಲ್ಲಿ ಹೆಂಗಸರಿಗೆ ಬೇರೆ ಕಡೆ, ನಡುವೆ ಹಗ್ಗ. ನಾನು ಷಡ್ಡಕನ ಪಕ್ಕದಲ್ಲಿ ಕೂತೆ. ಪರದೆ ಎದ್ದಾಗ ತಿಳಿಯಿತು, ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ ಎಂದು. ಅದೊಂದು ಸಾಮಾಜಿಕ ನಾಟಕ, ಅದರಲ್ಲಿ ನಗಿಸುವವನು ಒಬ್ಬ ಗುಮಾಸ್ತ. ಮನೆಯೊಳಗೂ ಮಫ್ಲರು ತೆಗೆಯುವುದಿಲ್ಲ. ಹೆಂಡತಿ ಕಾಫಿ ಕೊಟ್ಟರೆ, ಇದರಿಂದ ಏನಾದರೂ ತೊಂದರೆಯಾದೀತೇ ಎಂದು ಮೇಲಧಿಕಾರಿಗೆ ಅರ್ಜಿ ಬರೆಯುತ್ತಾನೆ. ತಗಡಿನ ಕೊಟ್ಟಿಗೆ ನಕ್ಕು ನಕ್ಕು ನಡುಗಿತು. ಹಗ್ಗದ ಆಚೆಯಿಂದ ಬರುವ ನಗುವಿನ ರಾಶಿಯಲ್ಲಿ ನನ್ನ ಹೆಂಡತಿಯ ನಗು ಯಾವುದೆಂದು ನನಗೆ ಗೊತ್ತಾಗುತ್ತದೆ. ಅದು ಕೊನೆಗೆ ನಿಲ್ಲುವ ನಗು. ನಾನು ಕತ್ತಿನ ಮಫ್ಲರನ್ನು ಮೆಲ್ಲಗೆ ಬಿಚ್ಚಿ, ಮಡಿಸಿ, ಕೋಟಿನ ಜೇಬಿಗೆ ತುರುಕಿದೆ. ಷಡ್ಡಕ ನನ್ನ ಕಡೆ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ಕಾದೆ. ಅವರು ತಿರುಗಲಿಲ್ಲ. ನಕ್ಕರು, ಎಲ್ಲರ ಹಾಗೆ, ಕಣ್ಣು ಒರೆಸಿಕೊಂಡರು. ಆಟ ಮುಗಿದು ಹೊರಗೆ ಬರುವಾಗ ಮಾತ್ರ, ಇಡೀ ನಾಟಕದಲ್ಲಿ ಆ ಗುಮಾಸ್ತನೊಬ್ಬನೇ ಒಳ್ಳೆಯ ಮನುಷ್ಯ, ಪಾಪ, ಎಂದರು. ನನ್ನನ್ನು ಸಮಾಧಾನ ಮಾಡಿದ್ದೋ, ನಾಟಕದ ವಿಷಯ ಹೇಳಿದ್ದೋ. ಸಮಾಧಾನ ಮಾಡಿದ್ದಾದರೆ ಸಮಾಧಾನದ ಅಗತ್ಯವಿದೆ ಎಂದು ಅವರಿಗೆ ಹೊಳೆದಂತಾಯಿತು. ಹೋಟೆಲಿನವರೆಗೂ ಅದನ್ನೇ ಅಗಿದೆ.

ಹೋಟೆಲಿನಲ್ಲಿ ಎಲ್ಲವೂ ನಾನು ಕಂಡ ಕನಸಿನ ಹಾಗೆ ನಡೆಯಿತು. ಬೇರೆ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಯಜಮಾನರು ಗಲ್ಲಾದಿಂದಲೇ ನನಗೆ ಕೈ ಮುಗಿದರು. ಷಡ್ಡಕನಿಗೂ ಮುಗಿದರು, ಆದರೆ ನನಗೆ ಮೊದಲು. ಫ್ಯಾಮಿಲಿ ರೂಮು ಖಾಲಿಯಿತ್ತು. ಆಡುವ ಕುರ್ಚಿಯಲ್ಲಿ ನಾನು ಕೂತೆ, ಎದುರಿಗೆ ನನ್ನ ಹೆಂಡತಿ, ಅವಳ ಪಕ್ಕದಲ್ಲಿ ಅಕ್ಕ, ನನ್ನ ಪಕ್ಕದಲ್ಲಿ ಷಡ್ಡಕ. ನಮ್ಮ ಕಡೆಯ ಹೆಂಗಸರು ಹೋಟೆಲಿನಲ್ಲಿ ಕೂತು ತಿನ್ನುವುದು ಅಪರೂಪ; ನೆಂಟರ ಮನೆಯಲ್ಲೂ ಅವರು ಎಲೆಗೆ ಕೂರುವುದು ಗಂಡಸರು ಎದ್ದ ಮೇಲೆ. ಇಬ್ಬರೂ ಮೊದಲು ಪರದೆ ಸರಿಯಾಗಿ ಮುಚ್ಚಿದೆಯೇ ನೋಡಿದರು, ಆಮೇಲೆ ಮೇಜಿನ ಕಲ್ಲು ಮುಟ್ಟಿ, ತಣ್ಣಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಭಟ್ಟರು ಪರದೆ ಸರಿಸಿ ಬಂದರು. ನಾಲ್ಕು ಲೋಟ ನೀರು ಇಟ್ಟರು.

"ಯಾವಾಗಿನ ಹಾಗೇ ಅಲ್ವಾ?"

ಹೌದು, ಎಂದೆ. ತಲೆ ಎತ್ತದೆ. ತಲೆ ಎತ್ತದಿರುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿದ್ದೆ.

ಅಷ್ಟಕ್ಕೇ ನಿಲ್ಲಿಸದೆ ಭಟ್ಟರು ತಮ್ಮ ಕಡೆಯಿಂದ ಒಂದು ಸೇರಿಸಿದರು. "ಇವರು ಬಂದರೆ ನಮಗೆ ಕೇಳುವ ಕೆಲಸ ಇಲ್ಲ," ಎಂದು ಷಡ್ಡಕನಿಗೆ ಹೇಳಿ ಹೊರಟರು. ಒಳಗೆ ಹೋಗಿ, ನಾಲ್ಕು ಮಸಾಲೆ, ಎಂದು ಕೂಗಿದ್ದು ನಮಗೆ ಕೇಳಿಸಿತು. ಹೆಂಡತಿ ನನ್ನನ್ನು ನೋಡಿದಳು. ಬಸ್ಸಿನ ಸದ್ದು ಗುರುತಿಸುವವರನ್ನು ನೋಡುವ ಹಾಗೆ ನೋಡಿದಳು. ಒಂದು ಗಳಿಗೆ. ಆ ಗಳಿಗೆಯಲ್ಲಿ ಕುರ್ಚಿ ಆಡುವುದೂ ನಿಂತಿತು.

ನಡುವೆ ಷಡ್ಡಕ ಕಾಫಿ ತರಿಸಿದರು. ಘಾಟಿಯ ಗಾಳಿಗೆ ಗಂಟಲು ಒಣಗಿತ್ತು, ದೋಸೆಗೆ ಕಾಯುವಷ್ಟರಲ್ಲಿ ಒಂದು ಲೋಟ ಆಗಲಿ ಎಂದರು. ಈ ಮನುಷ್ಯ ಒಮ್ಮೆ ಮೈಸೂರಿಗೆ ಹೋದಾಗ ತನ್ನ ತೋಟದ ಪುಡಿಯ ಪೊಟ್ಟಣ ಜೇಬಿನಿಂದ ತೆಗೆದು, ಇದರಲ್ಲಿ ಮಾಡಿ ತನ್ನಿ, ಎಂದು ಹೋಟೆಲಿನವರಿಗೆ ಕೊಟ್ಟದ್ದು ನನ್ನ ಹೆಂಡತಿ ಹೆಮ್ಮೆಯಿಂದ ಹೇಳುವ ಕಥೆಗಳಲ್ಲೊಂದು. ನಾನು ಅವರ ಜೇಬನ್ನೇ ನೋಡುತ್ತಿದ್ದೆ. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರು, ಮೂಸಿದರು, ಕುಡಿದರು. ಮೀಸೆ ಒರೆಸಿಕೊಂಡರು.

"ಕಾಪಿ ಒಳ್ಳೇದುಟ್ಟು ತಮ್ಮ," ಎಂದು ಮೆಚ್ಚಿದರು. "ನಮ್ಮಲ್ಲಿ ಇಂಥದ್ದು ಇಲ್ಲೆ. ಒಳ್ಳೆ ಬೀಜ ಎಲ್ಲ ಕೊಟ್ಟಾದ ಮೇಲೆ ಉಳಿದ ಜೊಳ್ಳು, ಅದಕ್ಕೊಂದು ತುಂಡು ಬೆಲ್ಲ. ಅದೇ ನಮ್ಮ ಕಾಪಿ."

ಅತ್ತಿಗೆ ನಕ್ಕು, ಹಾಗಾದರೆ ಇಷ್ಟು ವರ್ಷ ನಾನು ಕೊಟ್ಟದ್ದು ಜೊಳ್ಳಾ, ಎಂದರು. ನನ್ನ ಹೆಂಡತಿಯೂ ನಕ್ಕಳು. ಷಡ್ಡಕ ಹೆಂಡತಿಯ ಎದುರು ಸೋತು ಕೈ ಎತ್ತಿದರು. ನಾನೂ ನಕ್ಕೆ, ಸ್ವಲ್ಪ ಹೆಚ್ಚೇ. ಗೆದ್ದೆ ಎಂದು ಆಗ ಅನ್ನಿಸಿತು. ಪಟ್ಟಿಯಲ್ಲಿದ್ದದ್ದು ಒಂದೂ ಆಗಿರಲಿಲ್ಲ. ಇನ್ನು ಉಳಿದದ್ದು ನಾಲ್ಕು ದೋಸೆ ತಿಂದು ಏಳುವುದು. ಬಿಕ್ಕಳಿಕೆಯ ಸುಳಿವೂ ಇರಲಿಲ್ಲ.

ದೋಸೆ ಬಂದವು. ತಟ್ಟೆಯ ಮೇಲೆ ಬಾಳೆಎಲೆಯ ತುಂಡು, ಅದರ ಮೇಲೆ ತಟ್ಟೆಯನ್ನು ಎರಡು ಕಡೆಯೂ ಮೀರಿ ಹೋದ ದೋಸೆ. ಒಳ್ಳೆಯ ಬಣ್ಣ ಬಂದಿತ್ತು. ಅಕ್ಕ ತಂಗಿ ಮಾತಿನ ನಡುವೆ ಇದ್ದರು. ಅವರ ತವರಿನಲ್ಲಿ ಯಾವುದೋ ಹಸು ಕರು ಹಾಕಿದ ವಿಷಯ. ನನ್ನ ಹೆಂಡತಿ ಅಕ್ಕನ ಮುಖವನ್ನೇ ನೋಡುತ್ತ, ಹೌದಾ, ಹೆಣ್ಣು ಕರುವಾ, ಎನ್ನುತ್ತ, ತನ್ನ ದೋಸೆಯ ಗರಿಗರಿಯಾದ ತುದಿಯನ್ನು ಲಟಕ್ಕನೆ ಮುರಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ದೋಸೆಯ ದಿನ ಅವಳು ಹಾಗೆಯೇ ಮಾಡುತ್ತಾಳೆ. ಕಾವಲಿಯ ಅಂಚಿಗೆ ಹೋಗಿ ಕೆಂಪಾದ ಗರಿ ತುಂಡನ್ನು, ತಾನು ಬಾಯಿಗೆ ಹಾಕುವ ಮೊದಲು, ಮುರಿದು ನನ್ನ ತಟ್ಟೆಗೆ ಹಾಕುತ್ತಾಳೆ. ನಾನು ಕೇಳಿದ್ದಲ್ಲ. ಅವಳು ಹೇಳಿ ಹಾಕುವುದೂ ಅಲ್ಲ. ಮದುವೆಯಾದ ಎರಡನೆಯ ವಾರ ಶುರುವಾದದ್ದು, ಜಗಳವಾಡಿದ ದಿನವೂ ತಪ್ಪಿಲ್ಲ. ಇದರ ಬಗ್ಗೆ ನಾವು ಯಾವತ್ತೂ ಮಾತಾಡಿಲ್ಲ. ನೀರಿನ ದಬ್ಬೆ, ಜೀಪು, ನೆಗಡಿಯಾಗದ ಮೂಗು, ಎಲ್ಲ ಆ ಕಡೆಗಿರಲಿ. ಇದೊಂದು ಈ ಕಡೆಗಿದೆ ಎಂದು ನಾನು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡಿದ್ದೇನೆ. ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ.

ಆ ತುಂಡನ್ನು ಅವಳು ಮೇಜಿನ ಆಚೆಗೆ ಕೈ ಚಾಚಿ ಭಾವನ ಎಲೆಗೆ ಹಾಕಿದಳು.

ನೋಡಲೂ ಇಲ್ಲ. ಭಾವನೂ ನೋಡಲಿಲ್ಲ, ಕೈಗೆ ಸಿಕ್ಕ ಹಾಗೆ ತೆಗೆದು, ಕರುವಿನ ಬಣ್ಣ ಕೇಳುತ್ತ, ಬಾಯಿಗೆ ಹಾಕಿಕೊಂಡರು. ಅತ್ತಿಗೆ ಕಂಡರು, ಅವರಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾದದ್ದೂ ಅಲ್ಲ. ಅಕ್ಕನ ಮದುವೆಯಾದಾಗ ನನ್ನ ಹೆಂಡತಿ ಇನ್ನೂ ಲಂಗ ಹಾಕುವ ಹುಡುಗಿ. ಮನೆಗೆ ಬಂದ ಹೊಸ ಅಳಿಯನಿಗೆ ಗರಿ ತುಂಡು ಎಂದು ಅವರ ಅವ್ವ ಹೇಳಿಕೊಟ್ಟಿರಬೇಕು, ಒಲೆಯ ಹತ್ತಿರ ಕೂತು ಮುರಿದು ಹಾಕುವುದು ಚಿಕ್ಕ ಮಗಳ ಕೆಲಸವಾಗಿರಬೇಕು. ಇದನ್ನೆಲ್ಲ ನಾನು ಆ ಆಡುವ ಕುರ್ಚಿಯಲ್ಲಿ ಕೂತು, ಎರಡು ನಿಮಿಷದಲ್ಲಿ, ಯಾರನ್ನೂ ಕೇಳದೆ ಕಟ್ಟಿಕೊಂಡೆ. ಆ ಕೈ ಎಷ್ಟು ಚೆನ್ನಾಗಿ ದಾರಿ ಬಲ್ಲದ್ದಾಗಿತ್ತೆಂದರೆ ಕೇಳುವ ಅಗತ್ಯ ಇರಲಿಲ್ಲ. ನಾನು ಬರುವ ಮೊದಲೇ ಆ ಅಭ್ಯಾಸ ಅವಳ ಬೆರಳಿನಲ್ಲಿತ್ತು. ನಾನು ಹದಿನಾಲ್ಕು ವರ್ಷ ತಿಂದದ್ದು, ಭಾವ ಎದುರಿಗಿಲ್ಲದ್ದರಿಂದ.

ಹಾಗಿರಲಾರದು ಎಂದೂ ಒಂದು ಮನಸ್ಸು ಹೇಳಿತು. ಅದು ಯಾವಾಗಲೂ ತಡವಾಗಿ ಮಾತಾಡುವ ಮನಸ್ಸು.

ಹೆಂಡತಿ ಇನ್ನೊಂದು ಕಡೆಯ ತುದಿಯನ್ನೂ ಮುರಿದು ನನ್ನ ಎಲೆಗೆ ಹಾಕಿದಳು. ಮೊದಲಿನದಕ್ಕಿಂತ ಅದು ದೊಡ್ಡದೇ ಇತ್ತು. ಅಳತೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಅವಳ ದೋಸೆಯಲ್ಲಿ ಇನ್ನು ಉಳಿದದ್ದು ಪಲ್ಯ ತುಂಬಿದ ಮೆತ್ತನೆಯ ನಡುಭಾಗ. ಅದನ್ನು ಅವಳು ಸಂತೋಷದಿಂದ ತಿನ್ನತೊಡಗಿದಳು. ಕರು ಕಂದು ಬಣ್ಣದ್ದಂತೆ, ಹಣೆಯಲ್ಲಿ ಬಿಳಿ ಬೊಟ್ಟು.

ನಾನು ಆ ತುಂಡನ್ನು ಮುಟ್ಟದೆ ಕೂತಿದ್ದೆ. ಬಹಳ ಹೊತ್ತೇ ಇರಬೇಕು, ಏಕೆಂದರೆ ಅವಳು ಕರುವನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಎಂತ, ತಿನ್ನುದಿಲ್ವಾ? ಮೆತ್ತಗಾಗ್ತದೆ."

ತಿಂದೆ. ಅಷ್ಟರಲ್ಲಿ ಚಟ್ನಿಯ ನೀರು ಹರಿದು ಬಂದು ಅದು ಮೆತ್ತಗಾಗಿತ್ತು.